ಪರಿಚಯದವರ ಷೇರುಗಳು

ಊಟ ಮುಗಿದು ತಟ್ಟೆ ತೊಳೆಯುವವರೆಗೆ ಅಕ್ಕ ಅಂಗಡಿಯ ಮಾತು ಎತ್ತುವವಳಲ್ಲ. ಅಂದು ಮಾತ್ರ ಎರಡನೇ ಸಲ ಅನ್ನ ಬಡಿಸಿಕೊಳ್ಳುವ ಮೊದಲೇ ಹೇಳಿಬಿಟ್ಟಳು.

"ಮಾಲೀಕ ಕಟ್ಟಡ ಮಾರ್ತಾನಂತೆ. ನನ್ನ ಮಳಿಗೆ ಮಟ್ಟಿಗೆ ನನ್ನನ್ನೇ ಮೊದಲು ಕೇಳಿದ್ದಾನೆ. ಬೇಡ ಅಂದ್ರೆ ಪಕ್ಕದ ಮೊಬೈಲ್ ಅಂಗಡಿಯವನು ಗೋಡೆ ಒಡೆದು ಎರಡೂ ಒಂದು ಮಾಡ್ಕೊಳ್ಳೋಕೆ ಕಾಯ್ತಾ ಕೂತಿದ್ದಾನೆ."

"ಹೂಂ ಅಂದುಬಿಡಿ ಅತ್ತೆ!" ಎಂದಳು ತಮ್ಮನ ಮಗಳು.

"ಅನ್ನೋಕೇನು, ಹೂಂ ಅಂತಲೇ ಬಂದಿದ್ದೀನಿ. ದುಡ್ಡು ಇದೆಯಲ್ಲ, ಪುಟ್ಟನ ಹತ್ರ." ಅಕ್ಕ ತಮ್ಮನ ಕಡೆ ತಿರುಗಿದಳು. "ಪುಟ್ಟ, ನನ್ನ ಷೇರೆಲ್ಲ ಮಾರಿಬಿಡು. ಬರೋ ತಿಂಗಳ ಕೊನೆಗೆ ಬೇಕು."

ಪುಟ್ಟನಿಗೆ ಅರವತ್ತೆರಡು ವರ್ಷ. ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇಡೀ ನೌಕರಿ ಕಳೆದು, ಹೊಸದಾಗಿ ಸೇರಿದವರಿಗೆಲ್ಲ ಬಣ್ಣ ಹೊಂದಿಸುವುದನ್ನು ಕಲಿಸಿದ್ದರಿಂದ ಬೀದಿಯವರ ಬಾಯಲ್ಲಿ ಅವರು ಬಣ್ಣದ ಮೇಷ್ಟ್ರು. ಅಕ್ಕನಿಗೆ ಮಾತ್ರ ಪುಟ್ಟ. ಮೇಷ್ಟ್ರು "ಆಯ್ತು" ಎಂದರು. ಬಾಯಲ್ಲಿದ್ದ ಆಲೂಗಡ್ಡೆ ಮೆತ್ತಗೇ ಇತ್ತು, ಆದರೂ ಅಗಿಯುತ್ತಲೇ ಇದ್ದರು. ಹೆಂಡತಿ ನೀರಿನ ಲೋಟ ಮುಂದೆ ಸರಿಸಿದಳು.

ಅಕ್ಕ ಗಂಡನನ್ನು ಕಳೆದುಕೊಂಡ ಮೇಲೆ ಈ ಮನೆಯ ಮುಂದಿನ ಕೋಣೆಗೆ ಬಂದವಳು. ಎರಡು ಬೀದಿ ಆಚೆ ಒಂದು ಸಣ್ಣ ಮಳಿಗೆ ಹಿಡಿದು, ಇಬ್ಬರು ಹೆಂಗಸರನ್ನು ಜೊತೆಗಿಟ್ಟುಕೊಂಡು, ಸುತ್ತಲಿನ ಮೂರು ಶಾಲೆಗಳಿಗೆ ಸಮವಸ್ತ್ರ ಹೊಲಿಯುತ್ತಾಳೆ. ಮನೆಖರ್ಚಿಗೆ ತನ್ನ ಪಾಲನ್ನು ತಿಂಗಳ ಮೊದಲ ವಾರವೇ ತಮ್ಮನ ಹೆಂಡತಿಯ ಡಬ್ಬಿಗೆ ಹಾಕುತ್ತಾಳೆ. ಬೇಡವೆಂದರೆ ಆ ತಿಂಗಳು ಪೂರ್ತಿ ಮುಖ ಗಂಟು. ಆರು ವರ್ಷದ ಹಿಂದೆ ಉಳಿತಾಯವನ್ನೆಲ್ಲ ತಮ್ಮನ ಕೈಗಿಟ್ಟು, "ಬ್ಯಾಂಕಲ್ಲಿಟ್ರೆ ಗೊರಕೆ ಹೊಡೀತಾ ಮಲಗಿರುತ್ತೆ. ನೀನು ಎಬ್ಬಿಸಿ ಕೆಲಸಕ್ಕೆ ಹಚ್ಚು" ಎಂದಿದ್ದಳು.

ಮೇಷ್ಟ್ರು ಹಚ್ಚಿದ್ದರು. ಕಣ್ಣು ಮುಚ್ಚಿಕೊಂಡಲ್ಲ. ಹನ್ನೊಂದು ಕಂಪನಿಗಳನ್ನು ಆರಿಸಿದ್ದರು, ಒಂದೊಂದೂ ಒಂದೊಂದು ಕಸುಬಿನದು. ಬಸ್ಸಿನ ಬಾಡಿ ಕಟ್ಟುವವರು, ಫ್ರಿಜ್ ಮಾಡುವವರು, ಉಕ್ಕಿನ ಕಪಾಟಿನವರು, ಸ್ಕೂಟರಿನವರು, ಲಿಫ್ಟಿನವರು, ಕ್ರೇನಿನವರು, ದೋಣಿ ಕಟ್ಟುವವರು, ಮನೆ ಕಟ್ಟುವವರು ಹೀಗೆ. ಎಲ್ಲರೂ ಪರಿಚಯದವರು. ಕಾರ್ಖಾನೆಯಿಂದ ಬಣ್ಣ ಕೊಳ್ಳುತ್ತಿದ್ದವರು. ಡಬ್ಬಿಯ ಬಣ್ಣ ಮಾದರಿಗೆ ಹೊಂದಲಿಲ್ಲವೆಂದು ದೂರು ಬಂದಾಗ ಮೇಷ್ಟ್ರೇ ಹೋಗುತ್ತಿದ್ದರು. ಹೋದಾಗ ಅವರ ನೆಲ ಎಷ್ಟು ಚೊಕ್ಕಟವಾಗಿದೆ, ತಪ್ಪು ಯಾರದೆಂದು ನ್ಯಾಯವಾಗಿ ಮಾತಾಡುತ್ತಾರೋ ಇಲ್ಲವೋ ಎಂದು ನೋಡಿಟ್ಟುಕೊಂಡಿದ್ದರು. ಪತ್ರಿಕೆ ಓದಿ ಷೇರು ಕೊಳ್ಳುವವರನ್ನು ಕಂಡರೆ ಅವರಿಗೆ ನಗು. ತಮ್ಮ ದುಡ್ಡನ್ನೂ ಅದೇ ಹನ್ನೊಂದರಲ್ಲಿ ಹಾಕಿದ್ದರು.

ಈಗ ಎಂಟು ತಿಂಗಳಿಂದ ಬಡ್ಡಿ ಏರುತ್ತಿತ್ತು, ಷೇರುಪೇಟೆ ಇಳಿಯುತ್ತಿತ್ತು. ಹನ್ನೊಂದೂ ಒಟ್ಟಿಗೆ ಇಳಿದವು.

ಮರುದಿನ ಬೆಳಿಗ್ಗೆ ಅಕ್ಕ ಚಪ್ಪಲಿ ಹಾಕಿಕೊಳ್ಳುವಾಗ ಮೇಷ್ಟ್ರು ಬಾಗಿಲಿಗೆ ಬಂದರು.

"ಅಕ್ಕ, ಸ್ವಲ್ಪ ಕಾದ್ರೆ ಒಳ್ಳೇದಿತ್ತು. ಈಗ ಪೇಟೆ ಸ್ವಲ್ಪ ಇಳಿದಿದೆ."

"ಸ್ವಲ್ಪ ಅಂದ್ರೆ?"

"ಸ್ವಲ್ಪ."

"ಸ್ವಲ್ಪ ತಾನೆ, ಹೋದ್ರೆ ಹೋಗ್ಲಿ" ಎಂದು ಅಕ್ಕ ಚೀಲ ಹೆಗಲಿಗೇರಿಸಿ ಹೋದಳು. ಒಳಗೆ ಬ್ರೆಡ್ಡು ಸುಡುತ್ತಿದ್ದ ಮಗಳು ಎಲ್ಲ ಕೇಳಿಸಿಕೊಂಡಿದ್ದಳು.

"ಹತ್ತರಲ್ಲಿ ನಾಲ್ಕು ಪಾಲು ಹೋಗಿದೆ. ಅದು ಸ್ವಲ್ಪನಾ ಅಪ್ಪ?"

"ಮೆಲ್ಲಗೆ ಮಾತಾಡು."

"ಅತ್ತೆ ಬೀದಿ ದಾಟಾಯ್ತು. ನಾನು ಎಷ್ಟು ವರ್ಷದಿಂದ ಬಡ್ಕೊಳ್ತಿದ್ದೀನಿ, ಎಲ್ಲಾ ಒಂದೇ ದೇಶದಲ್ಲಿ ಇಡ್ಬೇಡಿ ಅಂತ. ನೀವು ಕೇಳಿದ್ರಾ?"

"ಒಂದೇ ದೇಶ ಇರಬಹುದು, ಹನ್ನೊಂದು ಕಸುಬು ಕಣೆ! ಫ್ರಿಜ್ಜಿಗೂ ದೋಣಿಗೂ ಏನು ನೆಂಟಸ್ತನ?"

"ಅದನ್ನ ಫ್ರಿಜ್ಜನ್ನೇ ಕೇಳಿ. ಜೊತೆಜೊತೆಗೇ ಮುಳುಗಿದಾವಲ್ಲ."

ಮಗಳಿಗೆ ಸರಕು ಸಾಗಣೆಯ ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಒಂದು ದೇಶದವರ ಜೊತೆ ಜಗಳ, ಸಂಜೆ ಇನ್ನೊಂದು ದೇಶದವರ ಜೊತೆ ರಾಜಿ. ಅವಳ ಉಳಿತಾಯವೆಲ್ಲ ಹೊರದೇಶದ ಷೇರುಗಳ ಒಂದು ಫಂಡಿನಲ್ಲಿ. ಕಚೇರಿಯ ಹತ್ತಿರವೇ ಪುಟ್ಟ ಮನೆ ಹಿಡಿದು ಬೇರೆ ಇರಬೇಕೆಂಬುದು ಅವಳ ಆಸೆ, ಅದಕ್ಕಾಗಿಯೇ ಆ ದುಡ್ಡು. ಅಪ್ಪನ ಪೇಟೆ ಮಧ್ಯಾಹ್ನದ ಚಹಾಕ್ಕೆ ಮುಚ್ಚಿದರೆ ಮಗಳ ಪೇಟೆ ರಾತ್ರಿ ಊಟಕ್ಕೆ ತೆರೆಯುತ್ತಿತ್ತು.

"ಒಂದು ಅಂಗಡಿ ಮುಚ್ಚಿದ್ರೆ ಇನ್ನೊಂದು ತೆಗೀತಾರೆ. ನನ್ನ ಒಲೆ ಆರೋದು ಯಾವಾಗ?" ಎಂದು ತಾಯಿ ಗೊಣಗುತ್ತಿದ್ದಳು. "ಊಟ ಮಾಡುವಾಗ ಫೋನ್ ಕೆಳಗಿಡಿ ಇಬ್ಬರೂ. ಪಲ್ಯಕ್ಕೆ ಉಪ್ಪು ಹಾಕಿಲ್ಲ ಅಂತ ನನಗೇ ಈಗ ಗೊತ್ತಾಯ್ತು, ನಿಮಗೆ ಗೊತ್ತೇ ಆಗ್ಲಿಲ್ಲ."

ಮೇಷ್ಟ್ರು ಸೋಲೊಪ್ಪುವವರಲ್ಲ. ಮುಂದಿನ ವಾರವಿಡೀ ಕನ್ನಡಕ ಏರಿಸಿಕೊಂಡು ಬೇರೆ ಬೇರೆ ದೇಶಗಳ ಪೇಟೆಯ ವಿವರ ತೆಗೆದು ಕೂತರು. ಓದುತ್ತ ಹೋದಂತೆ ಹಳೆಯ ಪ್ರಯೋಗಾಲಯದ ಹುಮ್ಮಸ್ಸು ಬಂತು. ಒಂದು ದೇಶದ ಪೇಟೆ ಎಂದರೆ ಅರ್ಧ ಬ್ಯಾಂಕು, ಉಳಿದರ್ಧದಲ್ಲಿ ಗಣಿ. ಅದಿರಿನ ಬೆಲೆ ಏರಿದರೆ ಆ ದೇಶ ಜಾಣ, ಇಳಿದರೆ ದಡ್ಡ. ಇನ್ನೊಂದು ಸಣ್ಣ ದೇಶದ ಪೇಟೆಯನ್ನು ಬರೀ ಮೂರು ಕಂಪನಿಗಳು ಹೊತ್ತು ನಿಂತಿವೆ, ಅದರಲ್ಲಿ ಎರಡು ಔಷಧಿಯವು. ಮತ್ತೊಂದರಲ್ಲಿ ಕಂಪ್ಯೂಟರಿನ ಚಿಪ್‌ಗಳದ್ದೇ ಕಾರುಬಾರು. ದೇಶ ಎಂದು ಹೆಸರು ಬರೆದ ಡಬ್ಬಿಯ ಮುಚ್ಚಳ ತೆಗೆದರೆ ಒಳಗಿರುವುದು ಕಸುಬು. ಜನ ಬಾವುಟ ನೋಡಿ ದುಡ್ಡು ಹಾಕುತ್ತಾರೆ, ಕೊಳ್ಳುವುದು ಗಣಿಯನ್ನೋ ಮಾತ್ರೆಯನ್ನೋ.

ಮಗಳ ಫಂಡಿನ ಮುಚ್ಚಳವನ್ನೂ ತೆಗೆದರು. ಊಟಕ್ಕೆ ಕೂತಾಗ ಗೆದ್ದವರಂತೆ ಹೇಳಿದರು.

"ಪ್ರಪಂಚದ ಫಂಡು, ಪ್ರಪಂಚದ ಫಂಡು ಅಂತ ಕುಣೀತಿದ್ದೆಯಲ್ಲ? ಹತ್ತರಲ್ಲಿ ಆರು ಪಾಲು ಒಂದೇ ದೊಡ್ಡ ದೇಶದ್ದು. ಅದರಲ್ಲೂ ಬೆರಳೆಣಿಕೆಯಷ್ಟು ಕಂಪ್ಯೂಟರ್ ಕಂಪನಿಗಳು. ಉಳಿದ ಪ್ರಪಂಚ ಪಂಕ್ತಿ ಕೊನೇಲಿ ಕೂತಿದೆ."

"ಆದ್ರೂ ನಂದು ಇಳಿದಿಲ್ಲ."

"ಇಳಿದಿದೆ. ನಮ್ಮ ದೇಶದ ದುಡ್ಡಿನ ಬೆಲೆ ಅದಕ್ಕಿಂತ ಜಾಸ್ತಿ ಇಳೀತು, ಅದಕ್ಕೇ ನಿನಗೆ ಕಾಣ್ಲಿಲ್ಲ. ಅಲ್ಲಿನ ಲೆಕ್ಕದಲ್ಲಿ ಕಮ್ಮಿಯಾಗಿದ್ದು ಇಲ್ಲಿನ ಲೆಕ್ಕಕ್ಕೆ ತರೋ ಹೊತ್ತಿಗೆ ಸರಿಹೋಯ್ತು. ನಿನ್ನ ಜಾಣತನ ಅಲ್ಲ, ನಿನ್ನ ಅದೃಷ್ಟ."

ಮಗಳು ತುತ್ತು ಕೈಯಲ್ಲಿ ಹಿಡಿದೇ ಯೋಚಿಸಿದಳು. "ಹೌದು. ಅದನ್ನ ನಾನು ನೋಡಿರ್ಲಿಲ್ಲ" ಎಂದಳು. ಮತ್ತೆ ಸೇರಿಸಿದಳು, "ಆದ್ರೆ ಅಪ್ಪ, ಅತ್ತೆಗೆ ಹೇಳಿದ್ರಾ?"

ಗೆದ್ದ ಮುಖ ಹಾಗೇ ಬಾಡಿತು. ಅಕ್ಕ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಅವಳ ತಟ್ಟೆಯನ್ನು ಇನ್ನೊಂದು ತಟ್ಟೆಯಿಂದ ಮುಚ್ಚಿಟ್ಟಿದ್ದರು.

ಆ ವಾರಗಳಲ್ಲಿ ಮನೆಖರ್ಚೂ ಬಿಗಿಯಾಯಿತು. ಕಂಪನಿಗಳು ವರ್ಷವರ್ಷ ಕೊಡುತ್ತಿದ್ದ ಲಾಭಾಂಶವನ್ನು ಈ ಸಲ ಅರ್ಧಕ್ಕರ್ಧ ಕಡಿದಿದ್ದವು, ಕೆಲವು ಕೊಡಲೇ ಇಲ್ಲ. ಹೆಂಡತಿ ಎದುರು ಮಾತಾಡದೆ ಹೊಂದಿಸಿಕೊಂಡು ಹೋದಳು. ಬಟ್ಟೆ ಇಸ್ತ್ರಿ ಮನೆಯಲ್ಲೇ. ಮೀನು ವಾರಕ್ಕೊಮ್ಮೆ. ಮೇಷ್ಟ್ರು ಪೊರಕೆ ಹಿಡಿದರು, ನೆಲ ಒರೆಸಿದರು. ಒರೆಸಿದ ಮೇಲೆ ಪ್ರಯೋಗಾಲಯದವರ ಹಾಗೆ ಬಗ್ಗಿ ಬೆಳಕಿಗೆ ಓರೆಯಾಗಿ ನೋಡುತ್ತಿದ್ದರು.

"ಮೆಚ್ಚುಗೆ ಪತ್ರ ಬೇಕಾ?" ಎಂದು ಹೆಂಡತಿ ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ಮುಚ್ಚಿ ನಿಲ್ಲಲೇ ಇಲ್ಲ. ಅಂಚಿನ ರಬ್ಬರು ಹರಿದು ಜೋತುಬಿದ್ದಿತ್ತು. ಮೇಷ್ಟ್ರು ದಾರ ಸುತ್ತಿ ಬಿಗಿದರು.

"ಹೊಸದು ತಗೊಳ್ಳೋದು ಮುಂದಿನ ವರ್ಷ ನೋಡೋಣ."

"ಹೂಂ, ಫ್ರಿಜ್ಜು ಮುಂದಿನ ವರ್ಷ" ಎಂದಳು ಹೆಂಡತಿ, ಬಟಾಣಿ ಬಿಡಿಸುತ್ತ. "ಗೋಡೆಗೆ ಬಣ್ಣ ಮುಂದಿನ ವರ್ಷ. ಕಪಾಟು ಮುಂದಿನ ವರ್ಷ. ನಿಮ್ಮ ಸ್ಕೂಟರು ಮುಂದಿನ ವರ್ಷ. ಸೋಪಿಗೆ ಮುಂದಿನ ವರ್ಷ ಅನ್ನೋಕಾಗುತ್ತಾ? ನನ್ನ ಬಿಪಿ ಮಾತ್ರೆಗೆ? ಎಣ್ಣೆ, ಕರೆಂಟು, ಹಲ್ಲುಜ್ಜೋ ಪೇಸ್ಟು? ಅದೆಲ್ಲ ಈ ತಿಂಗಳೂ ಅಷ್ಟೇ ಖರ್ಚು, ಒಂದು ಕಾಸು ಕಮ್ಮಿಯಿಲ್ಲ. ಅದಕ್ಕೇ ಹೇಳ್ತಿದ್ದೀನಿ, ಇದಕ್ಕಿಂತ ಬಿಗಿ ಮಾಡೋಕೆ ನನ್ನಿಂದಾಗಲ್ಲ."

ಮೇಷ್ಟ್ರು ದಾರದ ತುದಿ ಹಿಡಿದವರು ಹಾಗೇ ನಿಂತರು.

"ಇನ್ನೊಂದ್ಸಲ ಹೇಳು."

"ಯಾಕೆ, ಬೈಸಿಕೊಳ್ಳೋಕೆ ಅಷ್ಟು ಆಸೆನಾ?"

"ಅಲ್ಲ, ಮುಂದಿನ ವರ್ಷ ಅಂದೆಯಲ್ಲ, ಅದನ್ನ ಹೇಳು. ಫ್ರಿಜ್ಜು, ಬಣ್ಣ, ಕಪಾಟು..."

ಹೇಳುವುದು ಬೇಕಿರಲಿಲ್ಲ. ಹೆಂಡತಿ ಮುಂದಕ್ಕೆ ಹಾಕಿದ್ದನ್ನೆಲ್ಲ ತಯಾರಿಸುವವರು ಅವರ ಹನ್ನೊಂದು ಪರಿಚಯದವರೇ. ಈ ಅಡುಗೆಮನೆಯಲ್ಲಿ ಆದದ್ದೇ ಊರಿನ ಪ್ರತಿ ಅಡುಗೆಮನೆಯಲ್ಲೂ ಆಗಿರಬೇಕು. ಬಣ್ಣ ಹಚ್ಚಬೇಕಾದ ದೊಡ್ಡ ವಸ್ತು ಯಾವುದೇ ಇರಲಿ, ಕೈ ಬಿಗಿಯಾದಾಗ ಜನ ಅದನ್ನು ನಾಳೆಗೆ ತಳ್ಳುತ್ತಾರೆ. ಬಸ್ಸಿನವನು ಹಳೇ ಬಸ್ಸನ್ನೇ ಓಡಿಸುತ್ತಾನೆ, ದೋಣಿಯವನು ತೂತಿಗೆ ತೇಪೆ ಹಾಕುತ್ತಾನೆ. ಬಣ್ಣದ ಕಾರ್ಖಾನೆಯ ಗಿರಾಕಿಗಳನ್ನು ಮಾತ್ರ ಆರಿಸುವಷ್ಟು ಜಾಣ ಈ ಪ್ರಪಂಚದಲ್ಲಿ ಬಣ್ಣದ ಕಾರ್ಖಾನೆಯವನೊಬ್ಬನೇ. ಸೋಪಿನವರು ಅವರಿಂದ ಎಂದೂ ಬಣ್ಣ ಕೊಂಡಿರಲಿಲ್ಲ, ಮಾತ್ರೆಯವರೂ ಕೊಂಡಿರಲಿಲ್ಲ.

"ಹನ್ನೊಂದು ಬಣ್ಣ ಅಂದ್ಕೊಂಡಿದ್ದೆ ಕಣೆ. ಎಲ್ಲ ಡಬ್ಬಿ ತಳದಲ್ಲೂ ಒಂದೇ ಬಿಳಿ, ಮೇಲೆ ಬೆರೆಸಿದ ಬಣ್ಣ ಮಾತ್ರ ಬೇರೆ."

"ನನಗೇನೂ ಅರ್ಥ ಆಗ್ಲಿಲ್ಲ" ಎಂದಳು ಹೆಂಡತಿ. "ಆದ್ರೆ ಅರ್ಥ ಆದವರು ಇಲ್ಲಿ ನಿಂತೇನು ಮಾಡ್ತೀರಿ? ಅಕ್ಕನ ಹತ್ರ ಹೋಗಿ ಹೇಳಿ. ಸುಳ್ಳು ಹೇಳಿಲ್ಲ ಅಂತ ನೀವಂದ್ಕೊಂಡಿರಬಹುದು. 'ಸ್ವಲ್ಪ' ಅಂದಿದ್ದೀರಿ."

ಮೇಷ್ಟ್ರು ಶರ್ಟು ಬದಲಿಸಿ ಹೊರಟರು.

ಅಂಗಡಿಯೊಳಗೆ ಮೂರು ಮಿಷನ್ನುಗಳಲ್ಲಿ ಎರಡು ಓಡುತ್ತಿದ್ದವು. ಕತ್ತರಿಸಿದ ನೀಲಿ ಬಟ್ಟೆ ಮೇಜಿನ ಮೇಲೆ ಅಳತೆವಾರು ಜೋಡಿಸಿತ್ತು. ಗೋಡೆಯ ಮೊಳೆಗಳಲ್ಲಿ ತೋಳಿಲ್ಲದ ಅಂಗಿಗಳು, ಕಾಲರಿಲ್ಲದ ಅಂಗಿಗಳು. ಅಕ್ಕ ಒಂದು ಲಂಗದ ಒಳಮಡಿಕೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು. ತಮ್ಮನ ಮುಖ ನೋಡಿದವಳೇ, ಜೊತೆಯ ಹೆಂಗಸರಿಗೆ, "ನೀವಿಬ್ಬರೂ ಚಹಾ ಕುಡ್ಕೊಂಡು ಬನ್ನಿ" ಎಂದಳು.

ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದರು. ಹತ್ತರಲ್ಲಿ ನಾಲ್ಕು ಹೋಗಿದೆ ಎಂಬುದನ್ನು ಮೊದಲೇ ಹೇಳಿದರು. ಅಂಗಡಿಯ ಬೆಲೆಗೆ ಕಾಲುಭಾಗ ಕಮ್ಮಿ ಬೀಳುತ್ತದೆ ಎಂಬುದನ್ನೂ ಹೇಳಿದರು. ಕೈಯಲ್ಲಿದ್ದ ಚೂರು ಬಟ್ಟೆಯ ನೂಲನ್ನು ಒಂದೊಂದಾಗಿ ಎಳೆಯುತ್ತ ಹೇಳಿದರು.

"ಆ ಬಟ್ಟೆ ಕೆಳಗಿಡು, ಜೇಬಿಗೆ ಬೇಕು" ಎಂದಳು ಅಕ್ಕ. ಎದ್ದು ಬಾಗಿಲು ಅರ್ಧ ಮುಚ್ಚಿದಳು. ಆಮೇಲೆ ಬೈದಳು. ಕಡಿಮೆಯಿಲ್ಲದೆ ಬೈದಳು.

"ಮೂರು ವಾರ! ಮೂರು ವಾರದಿಂದ ನನ್ನೆದುರಿಗೆ ಕೂತು ಉಣ್ತಿದ್ದೀಯ, ಬಾಯಿಗೆ ಬೀಗ ಹಾಕ್ಕೊಂಡು. ಮಾಲೀಕನಿಗೆ ನಾನು ಹೂಂ ಅಂದಾಗಿದೆ ಕಣೋ. ಹೊಲಿಯೋ ಹೆಂಗಸರಿಗೆ ಕಿಟಕಿ ದೊಡ್ಡದು ಮಾಡಿಸ್ತೀನಿ ಅಂದಿದ್ದೀನಿ. ನೀನು ಮೊದಲನೇ ದಿನವೇ ಹೇಳಿದ್ರೆ ನಾನೇನು ನಿನ್ನ ಕಿವಿ ಕಿತ್ಕೊಳ್ತಿದ್ನಾ?"

"ಹೌದು ಅಂದ್ಕೊಂಡಿದ್ದೆ."

ಅಕ್ಕನಿಗೆ ನಗು ಬಂತು. ತಡೆದುಕೊಂಡಳು. "ಚಿಕ್ಕವನಿದ್ದಾಗ ಕಿತ್ತಿದ್ರೆ ಈಗ ಸರಿ ಇರ್ತಿದ್ದೆ."

"ಅಕ್ಕ, ಇನ್ನೊಂದು ವರ್ಷ ಕಾದ್ರೆ ಬಹುಶಃ ಏರುತ್ತೆ. ಕಂಪನಿಗಳು ಕೆಟ್ಟವಲ್ಲ."

"ಏರಬಹುದು. ಅಂಗಡಿ ಕಾಯಲ್ವಲ್ಲ. ಒಂದು ವರ್ಷ ಆದ್ಮೇಲೆ ಅಲ್ಲಿ ಮೊಬೈಲಿಗೆ ಕವರ್ ಮಾರ್ತಿರ್ತಾರೆ." ಅಕ್ಕ ಸೀಮೆಸುಣ್ಣ ಕೆಳಗಿಟ್ಟು ಕೈ ಕೊಡವಿದಳು. "ನಾಳೆ ಮಾರು. ಬಂದಷ್ಟು ಬರ್ಲಿ. ಮಿಕ್ಕಿದ್ದಕ್ಕೆ ಮಾಲೀಕನ ಕಾಲಿಗೆ ಬೀಳೋದೋ, ಈ ಮಿಷನ್ ಒಂದನ್ನ ಮಾರೋದೋ ನೋಡೋಣ. ನೀನು ಮನೆಗೆ ಹೋಗಿ ಉಣ್ಣು. ಮುಖ ನೋಡು, ತೊಳೆದು ಹಿಂಡಿದ ಬಟ್ಟೆ ಇದ್ದ ಹಾಗಿದೆ."

ಬೈದ ಬಾಯಲ್ಲೇ ಉಣ್ಣು ಎಂದಳು. ಮನೆಗೆ ನಡೆಯುತ್ತ ಮೇಷ್ಟ್ರಿಗೆ ಕಣ್ಣು ಮಂಜಾಗಿ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಇಂಥ ಅಕ್ಕನ ಎದುರು ಮೂರು ವಾರ ಹೆದರಿಕೊಂಡು ಕಳೆದೆನಲ್ಲ ಎನ್ನಿಸಿತು.

ಮರುದಿನ ಅಕ್ಕನ ಷೇರುಗಳನ್ನು ಮಾರಿದರು. ಸಂಜೆ ಊಟಕ್ಕೆ ಎಲ್ಲರೂ ಕೂತಾಗ ಮೇಷ್ಟ್ರೇ ಮಾತು ತೆಗೆದರು.

"ಸಾಲದ್ದಕ್ಕೆ ನನ್ನ ಪಾಲಿನದನ್ನೂ ಮಾರ್ತೀನಿ. ತಪ್ಪು ನಂದು."

"ಬೇಡ" ಎಂದಳು ಮಗಳು. "ಬಿದ್ದಿರೋದನ್ನ ಮತ್ತೆ ಬಿದ್ದ ಬೆಲೆಗೆ ಯಾಕೆ ಮಾರೋದು? ಅದಕ್ಕೇನು ಅವಸರ ಇಲ್ಲ, ಏಳೋವರೆಗೂ ಮಲಗಿರ್ಲಿ. ನಂದು ಇಳಿದಿಲ್ಲ. ನಂದನ್ನ ಮಾರೋಣ."

ತಾಯಿ ಸೌಟು ಕೆಳಗಿಟ್ಟಳು.

"ನಿನ್ನ ಮನೆ ದುಡ್ಡು ಕಣೆ ಅದು" ಎಂದಳು ತಾಯಿ.

"ಇನ್ನೂ ಎರಡು ವರ್ಷ ಇಲ್ಲೇ ಇರ್ತೀನಿ. ನಿಮಗೆ ಬೇಜಾರಾ?"

"ಬೇಜಾರಿಲ್ಲ. ನೀನು ಬಚ್ಚಲಲ್ಲಿ ಕೂದಲು ಬಿಡೋದು ಬೇಜಾರು."

ಅಕ್ಕ ತಲೆಯಾಡಿಸಿದಳು. "ಹುಡುಗಿ ದುಡ್ಡು ನನಗೆ ಬೇಡ. ಮಿಷನ್ ಮಾರ್ತೀನಿ."

"ಅತ್ತೆ, ನಾನು ಸುಮ್ನೆ ಕೊಡ್ತೀನಿ ಅಂದ್ನಾ?" ಮಗಳು ಬೆನ್ನು ನೆಟ್ಟಗೆ ಮಾಡಿ ಕೂತಳು. "ನಾನು ಪಾಲುದಾರಳಾಗ್ತೀನಿ. ಕಾಲುಭಾಗ ನಂದು. ವರ್ಷಕ್ಕೊಂದ್ಸಲ ಲಾಭ ಹಂಚ್ಬೇಕು. ಸಾಗಣೆಯ ಹತ್ತು ಕಂಪನಿಗಳ ಕಷ್ಟ ದಿನಾ ನೋಡ್ತೀನಿ ನಾನು. ಮಕ್ಕಳು ಬೆಳೆಯೋದು ನಿಲ್ಲಿಸಿದ ವರ್ಷ ಮಾತ್ರ ನಿಮ್ಮ ಅಂಗಡಿಗೆ ನಷ್ಟ."

"ಅಪ್ಪಂದಿರಿಗೆ ಕೆಲಸ ಹೋದ ವರ್ಷ ಅಣ್ಣನ ಅಂಗಿಯನ್ನೇ ತಮ್ಮನಿಗೆ ಹಾಕಿ ಕಳಿಸ್ತಾರೆ ಕಣೆ. ಆಗ ನನಗೂ ಕಮ್ಮಿ. ಗೊತ್ತಿರ್ಲಿ."

"ಗೊತ್ತಾಯ್ತು. ಆದ್ರೂ ಬರ್ತೀನಿ."

ಅಕ್ಕ ಅವಳನ್ನೇ ನೋಡಿದಳು. "ಲಾಭ ಬಂದ್ರೆ ಕಾಲುಭಾಗ. ನಷ್ಟ ಬಂದ್ರೆ?"

"ನಷ್ಟ ಬಂದ್ರೂ ಕಾಲುಭಾಗ."

"ಅಷ್ಟೇ ಅಲ್ಲ. ರಜಾ ದಿನ ಬಂದು ಗುಂಡಿ ಹೊಲೀಬೇಕು."

"ಗುಂಡಿ ಹೊಲಿಯೋಕೆ ಅಪ್ಪ ಬರ್ತಾರೆ."

ಹಾಗೆ ಮೇಷ್ಟ್ರ ವಿಲೇವಾರಿಯೂ ಅದೇ ಊಟದಲ್ಲಿ ಆಯಿತು. ಹೆಂಡತಿ ಅವರ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಪಲ್ಯ ಹಾಕಿದಳು. ಅಂದು ಉಪ್ಪು ಸರಿಯಾಗಿತ್ತು. ಆ ಮಾತನ್ನು ಮೇಷ್ಟ್ರು ಬಾಯಿಬಿಟ್ಟು ಹೇಳಿದರು, ಹೆಂಡತಿ ನಂಬಲಿಲ್ಲ.

ಶಾಲೆಗಳು ಮತ್ತೆ ತೆರೆಯುವ ಕಾಲಕ್ಕೆ ಅಂಗಡಿ ಅಕ್ಕನ ಹೆಸರಿಗಾಗಿತ್ತು. ಬಾಗಿಲಲ್ಲಿ ತಾಯಂದಿರ ಸಾಲು. ಮೇಷ್ಟ್ರು ಕೊರಳಿಗೆ ಟೇಪು ಹಾಕಿಕೊಂಡು ಮಕ್ಕಳ ಅಳತೆ ತೆಗೆಯುತ್ತಿದ್ದರು. ಮೊದಲ ವಾರ ಅವರು ಎಲ್ಲವನ್ನೂ ಕೂದಲೆಳೆಯಷ್ಟು ಕರಾರುವಾಕ್ಕಾಗಿ ಅಳೆದು ಬರೆಸಿದರು.

"ಪುಟ್ಟ, ಇದು ಬಣ್ಣದ ಡಬ್ಬಿ ಅಲ್ಲ, ಬೆಳೆಯೋ ಕೂಸು. ಎರಡು ಬೆರಳು ಹೆಚ್ಚಿಗೆ ಬಿಡು. ನೀನು ಬರೆದಷ್ಟೇ ಹೊಲಿದ್ರೆ ಹಬ್ಬದ ಹೊತ್ತಿಗೆ ಹರಿದಿರುತ್ತೆ."

ಸಾಲಿನಲ್ಲಿದ್ದ ತಾಯಂದಿರೆಲ್ಲ ನಕ್ಕರು. ಮೇಷ್ಟ್ರೂ ನಕ್ಕರು, ಎರಡು ಬೆರಳು ಬಿಟ್ಟರು. ಗುಂಡಿ ಹೊಲಿಯುವುದು ಮಾತ್ರ ಅವರಿಗೆ ಚೆನ್ನಾಗಿ ಕೈಗೆ ಹತ್ತಿತು. ಮೇಷ್ಟ್ರು ಹೊಲಿದ ಗುಂಡಿ ಅಂಗಿ ಹರಿದರೂ ಬೀಳುವುದಿಲ್ಲವೆಂದು ಹೆಂಗಸರು ತಮಾಷೆ ಮಾಡುತ್ತಿದ್ದರು. ನಡುನಡುವೆ ಹೆಂಡತಿ ಚಹಾದ ಫ್ಲಾಸ್ಕು ಹಿಡಿದು ಬಂದು, ಬಂದವಳು ಹೋಗದೆ ಮಡಚುವುದಕ್ಕೆ ಕೂತುಬಿಡುತ್ತಿದ್ದಳು. ಹೊಸ ಕಿಟಕಿಯಿಂದ ಬೆಳಕು ಮೇಜಿನವರೆಗೂ ಬರುತ್ತಿತ್ತು.

ಹಂಗಾಮು ಮುಗಿದ ವಾರ, ಒಂದು ಸಂಜೆ, ಅಕ್ಕ ಊಟಕ್ಕೆ ಕೂತವಳು ಎರಡು ಲಕೋಟೆ ತೆಗೆದಳು. ಒಂದನ್ನು ಮಗಳ ಮುಂದಿಟ್ಟಳು.

"ನಿನ್ನ ಕಾಲುಭಾಗ. ಸಾಲದು ಅಂದ್ರೆ ದೂರು ಕೊಡು, ಕೇಳಿಸಿಕೊಳ್ಳಲ್ಲ."

ಮಗಳು ಇಣುಕಿ ನೋಡಿ, "ಪರವಾಗಿಲ್ಲ, ಕಂಪನಿ ಚೆನ್ನಾಗಿ ನಡೀತಿದೆ" ಎಂದಳು.

ಇನ್ನೊಂದನ್ನು ಅಕ್ಕ ತಮ್ಮನ ತಟ್ಟೆಯ ಪಕ್ಕಕ್ಕಿಟ್ಟಳು.

"ನನಗ್ಯಾಕೆ? ಗುಂಡಿಗೆ ಕೂಲಿನಾ?"

"ಕೂಲಿ ಅಲ್ಲ. ನನ್ನ ದುಡ್ಡು. ಷೇರಿಗೆ ಹಾಕು."

ಮೇಷ್ಟ್ರು ಲಕೋಟೆಯನ್ನು ಮುಟ್ಟಲಿಲ್ಲ. "ಅಕ್ಕ, ಬ್ಯಾಂಕಲ್ಲಿಡು. ಇಲ್ಲಾ, ಮಗಳ ಕೈಗೆ ಕೊಡು. ಮತ್ತೆ ನನ್ನ ಹತ್ರನಾ?"

"ಬ್ಯಾಂಕಿಗೂ ಒಂದು ಪಾಲು ಹಾಕಿದ್ದೀನಿ, ಬೇಕಾದಾಗ ತಗೊಳ್ಳೋಕೆ. ಇದು ಸದ್ಯಕ್ಕೆ ಬೇಡದ ದುಡ್ಡು. ನನಗೆ ಎಪ್ಪತ್ತೈದು ಆಗೋವರೆಗೂ ಕೇಳಲ್ಲ. ನಡುವೆ ಕೇಳಿದ್ರೂ ಕೊಡ್ಬೇಡ." ಅಕ್ಕ ಅನ್ನ ಕಲಸಿಕೊಳ್ಳುತ್ತ ಹೇಳಿದಳು. "ಆ ಹಳೆ ಹನ್ನೊಂದು ಜನ ಇರ್ಲಿ ಪಾಪ, ಅವರೂ ಬದುಕ್ಬೇಕು. ಸೋಪಿನವರದ್ದು ತಗೋ, ಮಾತ್ರೆಯವರದ್ದು ತಗೋ, ಹೊರಗಿನ ದೇಶದ್ದೂ ತಗೋ. ನಿನಗೆ ಪರಿಚಯ ಇಲ್ಲದವರದ್ದೂ ಒಂದಿಷ್ಟು ತಗೋ, ಪುಟ್ಟ. ಯಾವಾಗಲೂ ನೆಂಟರ ಮನೇಲೇ ಉಣ್ತೀನಿ ಅಂದ್ರೆ ಹೆಂಗೆ?"

ಮೇಷ್ಟ್ರು ಲಕೋಟೆಯ ಕಡೆ ಕೈ ಚಾಚಿ ಹಿಂದಕ್ಕೆ ತೆಗೆದರು.

"ತಗೊಳ್ಳಿ, ಅಕ್ಕ ಕೊಡ್ತಿದ್ದಾರೆ" ಎಂದಳು ಹೆಂಡತಿ.

"ಕೈ ಎಂಜಲು. ತೊಳ್ಕೊಂಡು ಬರ್ತೀನಿ."

ಎದ್ದು ಹೋದರು. ಒಳಗೆ ನಲ್ಲಿಯ ನೀರು ಕೈ ತೊಳೆಯುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಸುರಿಯುವುದು ಮೂವರಿಗೂ ಕೇಳಿಸಿತು. ಯಾರೂ ಕರೆಯಲಿಲ್ಲ. ಮೇಷ್ಟ್ರು ಕೈ ಒರೆಸಿಕೊಂಡು ಬಂದು, ಕುರ್ಚಿಯ ಪಕ್ಕದಲ್ಲಿ ನಿಂತೇ, ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.